ಹೃದಯದ ಹಾದಿಗಳನ್ನು ಕಣ್ಣಿಗೆ ಕಾಣಿಸಿದ ವೈದ್ಯ: ಮೇಸನ್ ಸೋನ್ಸ್

ಆಂಜಿಯೋಗ್ರಾಂ ಎಂಬ ಪದ ಇಂದು ಕನ್ನಡಿಗರ ಮನೆಮಾತು. ಎದೆನೋವೆಂದು ಕಾಸರಗೋಡಿನಿಂದ ಮಂಗಳೂರಿಗೋ, ಹೊಸೂರಿನಿಂದ ಬೆಂಗಳೂರಿಗೋ ಹೋಗಿ ಬಂದವರ ಬಾಯಲ್ಲಿ ಅದು ಎಣ್ಣೆ, ಉಪ್ಪುಗಳಷ್ಟೇ ಸಲೀಸಾಗಿ ಬರುತ್ತದೆ. ಅದಕ್ಕೊಂದು ಅಚ್ಚಗನ್ನಡದ ಸಮಾನಪದ ಬೇಕೆಂದು ಯಾರಿಗೂ ಅನಿಸಿದಂತಿಲ್ಲ. ಅಂಥ ಪದವನ್ನು ಕಟ್ಟುವುದಕ್ಕೆ ಮೊದಲೇ ಜನ ಇದನ್ನು ಒಳಗೆ ಕರೆದು ಕೂರಿಸಿದ್ದಾರೆ. ಇಷ್ಟು ಜನಬಳಕೆಯ ಈ ಪರೀಕ್ಷೆಯ ಹಿಂದಿರುವ ಮನುಷ್ಯನ ಹೆಸರು ಮಾತ್ರ ಹೃದ್ರೋಗ ತಜ್ಞರ ವಲಯದಾಚೆ ಅಷ್ಟಾಗಿ ಕೇಳಿಬರುವುದಿಲ್ಲ. ಅವರು ಫ್ರಾಂಕ್ ಮೇಸನ್ ಸೋನ್ಸ್. ಬರೆದದ್ದು ಕಡಿಮೆ, ತೋರಿಸಿದ್ದು ಹೆಚ್ಚು. ಸಂಶೋಧಕನ ಪ್ರಭಾವವನ್ನು ಪ್ರಕಟಿತ ಲೇಖನಗಳ ಎಣಿಕೆಯಿಂದಲೇ ಅಳೆಯುವ ಈ ಕಾಲದಲ್ಲಿ ಅವರ ಬದುಕು ಆ ಲೆಕ್ಕಕ್ಕೆ ಸುಲಭವಾಗಿ ಒಗ್ಗುವಂಥದಲ್ಲ.

ಹೃದಯವು ಇಡೀ ದೇಹಕ್ಕೆ ರಕ್ತವನ್ನು ಒತ್ತಿ ಕಳುಹಿಸುವ ಅಂಗವಾದರೂ, ತನ್ನ ಕೋಣೆಗಳಲ್ಲಿ ತುಂಬಿ ಹರಿಯುವ ಆ ರಕ್ತದಿಂದ ತನ್ನ ದಪ್ಪನೆಯ ಸ್ನಾಯುವನ್ನು ನೇರವಾಗಿ ಪೋಷಿಸಿಕೊಳ್ಳಲಾರದು. ಮಹಾಧಮನಿಯು ಹೃದಯದಿಂದ ಹೊರಡುವ ಬುಡದಲ್ಲಿಯೇ ಎರಡು ಸಣ್ಣ ಧಮನಿಗಳು ಕವಲೊಡೆದು, ಹೃದಯದ ಹೊರಮೈಯನ್ನು ಸುತ್ತುವರಿದು, ಸ್ನಾಯುವಿನೊಳಗೆ ಕವಲುಕವಲಾಗಿ ಇಳಿಯುತ್ತವೆ. ಪಾಶ್ಚಾತ್ಯ ಅಂಗರಚನಾ ತಜ್ಞರಿಗೆ ಈ ಸುತ್ತು ತಲೆಯ ಮೇಲಿಟ್ಟ ಕಿರೀಟದಂತೆ ಕಂಡದ್ದರಿಂದ ಲ್ಯಾಟಿನ್ನಿನ ಕಿರೀಟವಾಚಕ ಪದವೇ ಅವುಗಳ ಹೆಸರಾಯಿತು. ಕನ್ನಡದಲ್ಲಿ ಕಿರೀಟ ಧಮನಿ ಎಂದೂ ಪರಿಧಮನಿ ಎಂದೂ ಬರೆಯುವುದುಂಟು. ಈ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಜಿನುಗಿ, ಗಟ್ಟಿಯಾಗಿ, ದಾರಿ ಕಿರಿದಾದರೆ ಶ್ರಮದ ವೇಳೆ ಎದೆ ಹಿಡಿದಂತಾಗುತ್ತದೆ. ರಕ್ತ ಹೆಪ್ಪುಗಟ್ಟಿ ದಾರಿ ಪೂರ್ಣ ಮುಚ್ಚಿದರೆ ಆ ಭಾಗದ ಸ್ನಾಯು ಸಾಯತೊಡಗುತ್ತದೆ. ಹೃದಯಾಘಾತವೆಂದರೆ ಸಾಮಾನ್ಯವಾಗಿ ಇದೇ.

ಶ್ರಮದಿಂದ ಬರುವ ಈ ಎದೆನೋವನ್ನು ಇಂಗ್ಲೆಂಡಿನ ವಿಲಿಯಂ ಹೆಬರ್ಡನ್ ಎಂಬ ವೈದ್ಯರು ಹದಿನೆಂಟನೆಯ ಶತಮಾನದಲ್ಲಿಯೇ ಖಚಿತವಾಗಿ ವರ್ಣಿಸಿದ್ದರು. 1912ರಲ್ಲಿ ಅಮೆರಿಕದ ಜೇಮ್ಸ್ ಹೆರಿಕ್ ಅವರು ಪರಿಧಮನಿ ಮುಚ್ಚಿದರೂ ರೋಗಿ ಬದುಕುಳಿಯಬಲ್ಲನೆಂದು ತೋರಿಸಿ, ಈ ರೋಗವನ್ನು ಬದುಕಿರುವವರಲ್ಲಿ ಗುರುತಿಸುವ ದಾರಿ ತೆರೆದಿದ್ದರು. ಹೃದಯದ ವಿದ್ಯುತ್ ಸ್ಪಂದನವನ್ನು ಬರೆದು ತೋರಿಸುವ ಇ.ಸಿ.ಜಿ. ಬಂದಿತ್ತು. ಇಷ್ಟೆಲ್ಲ ಇದ್ದರೂ 1950ರ ದಶಕದವರೆಗೆ ಪರಿಧಮನಿಯಲ್ಲಿ ತಡೆ ಎಲ್ಲಿದೆ, ಎಷ್ಟಿದೆ, ಒಂದೇ ನಾಳದಲ್ಲೋ ಮೂರರಲ್ಲೋ ಎಂಬುದನ್ನು ನಿಚ್ಚಳವಾಗಿ ಕಾಣುವ ಸ್ಥಳವೆಂದರೆ ಶವಪರೀಕ್ಷೆಯ ಮೇಜು ಮಾತ್ರ. ಬದುಕಿರುವ ರೋಗಿಯ ವಿಷಯದಲ್ಲಿ ವೈದ್ಯನ ಬಳಿ ಇದ್ದದ್ದು ಮುಖ್ಯವಾಗಿ ರೋಗಿಯ ಮಾತು: ನೋವು ಯಾವಾಗ ಬರುತ್ತದೆ, ಎತ್ತ ಹರಿಯುತ್ತದೆ, ಕುಳಿತರೆ ಹೋಗುತ್ತದೆಯೇ. ಅಂದಿನ ಹೃದಯವೈದ್ಯ ಒಂದು ಅರ್ಥದಲ್ಲಿ ಕಥನವನ್ನು ಓದುವವನಾಗಿದ್ದ. ಓದು ಸರಿಯೋ ತಪ್ಪೋ ಎಂಬುದು ಬಹುತೇಕ ರೋಗಿ ಸತ್ತ ಮೇಲೆಯೇ ತಿಳಿಯುತ್ತಿತ್ತು.

ಸೋನ್ಸ್ ಹುಟ್ಟಿದ್ದು 1918ರ ಅಕ್ಟೋಬರ್ 28ರಂದು, ಅಮೆರಿಕದ ದಕ್ಷಿಣದ ಮಿಸಿಸಿಪಿ ರಾಜ್ಯದ ನಾಕ್ಸಪೇಟರ್ ಎಂಬ ಪುಟ್ಟ ಊರಿನಲ್ಲಿ. ಪದವಿ ವ್ಯಾಸಂಗವನ್ನು ಮೇರಿಲ್ಯಾಂಡ್ ರಾಜ್ಯದಲ್ಲಿ ಮುಗಿಸಿ, ಅಲ್ಲಿಯ ವಿಶ್ವವಿದ್ಯಾಲಯದಿಂದ 1943ರಲ್ಲಿ ವೈದ್ಯ ಪದವಿ ಪಡೆದರು. ಯುದ್ಧಕಾಲದ ಸೇನಾಸೇವೆ, ಡೆಟ್ರಾಯಿಟ್ ನಗರದ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ ತರಬೇತಿ, ಬಳಿಕ 1950ರಲ್ಲಿ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಕ್ಲಿನಿಕ್. ಆ ಸಂಸ್ಥೆಯನ್ನು ಅವರು ಮುಂದೆ ಬಿಡಲಿಲ್ಲ. ಅಲ್ಲಿ ಅವರಿಗೆ ಸಿಕ್ಕಿದ ಹೊಣೆ ಮಕ್ಕಳ ಹೃದ್ರೋಗ ವಿಭಾಗ ಹಾಗೂ ಹೃದಯ ಕ್ಯಾಥೆಟರ್ ಪ್ರಯೋಗಾಲಯದ್ದು. ವಯಸ್ಕರ ಹೃದಯಾಘಾತವನ್ನು ಅರಿಯುವ ರೀತಿಯನ್ನೇ ಬದಲಿಸಿದವರು ಹುಟ್ಟಿನಿಂದಲೇ ಹೃದಯದೋಷವಿರುವ ಮಕ್ಕಳ ವೈದ್ಯರಾಗಿ ಆರಂಭಿಸಿದರೆಂಬುದು ಗಮನಿಸಬೇಕಾದ ಸಂಗತಿ.

ಕ್ಯಾಥೆಟರ್ ಎಂದರೆ ತೆಳ್ಳನೆಯ, ಬಾಗಬಲ್ಲ ಉದ್ದ ನಳಿಕೆ. ಬದುಕಿರುವ ಮನುಷ್ಯನ ಹೃದಯಕ್ಕೆ ಅದನ್ನು ತೂರಿಸಬಹುದೆಂದು ತೋರಿಸಿದವರು ಜರ್ಮನಿಯ ವೆರ್ನರ್ ಫೋರ್ಸ್‌ಮನ್. 1929ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ಅವರು ತಮ್ಮದೇ ತೋಳಿನ ಅಭಿಧಮನಿಯ ಮೂಲಕ ನಳಿಕೆಯನ್ನು ಹೃದಯದವರೆಗೆ ತಳ್ಳಿಕೊಂಡು, ಎಕ್ಸ್-ರೇ ಕೋಣೆಗೆ ನಡೆದು ಹೋಗಿ ಚಿತ್ರ ತೆಗೆಸಿಕೊಂಡಿದ್ದರು. ಅವರಿಗೆ ಅಂದು ಸಿಕ್ಕಿದ್ದು ಮೇಲಧಿಕಾರಿಗಳ ಅಸಮಾಧಾನ. ನೊಬೆಲ್ ಪ್ರಶಸ್ತಿ ಸಿಕ್ಕಿದ್ದು 1956ರಲ್ಲಿ, ಆಂದ್ರೆ ಕೂರ್ನಾನ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಅವರೊಂದಿಗೆ. ಅಷ್ಟರಲ್ಲಿ ಹೃದಯದ ಕೋಣೆಗಳ ಒತ್ತಡವನ್ನು ಅಳೆಯುವುದು, ಎಕ್ಸ್-ರೇಯಲ್ಲಿ ಗಾಢವಾಗಿ ಮೂಡುವ ಅಯೋಡಿನ್‌ಯುಕ್ತ ದ್ರವವನ್ನು ಒಳಗೆ ಚುಚ್ಚಿ ಕವಾಟಗಳ ದೋಷ ಕಾಣುವುದು, ಇವೆಲ್ಲ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದವು.

ಸೋನ್ಸ್ ಅವರನ್ನು ಕಾಡುತ್ತಿದ್ದ ಪ್ರಶ್ನೆ ಚಿತ್ರದ್ದು. ಹಳೆಯ ಎಕ್ಸ್-ರೇ ಪರದೆಗಳು ಎಷ್ಟು ಮಂಕಾಗಿರುತ್ತಿದ್ದವೆಂದರೆ, ಕತ್ತಲಿಗೆ ಕಣ್ಣು ಹೊಂದಿಕೊಳ್ಳಲೆಂದು ವೈದ್ಯರು ಮೊದಲೇ ಕೆಂಪು ಗಾಜಿನ ಕನ್ನಡಕ ಧರಿಸಿ ಕಾಯಬೇಕಿತ್ತು. ಮೇಲಾಗಿ ಹೃದಯ ಕ್ಷಣವೂ ನಿಲ್ಲದ ಅಂಗ. ಸ್ಥಿರಚಿತ್ರದಲ್ಲಿ ಅದು ಮಸುಕಾಗುತ್ತದೆ. ಚುಚ್ಚಿದ ದ್ರವವೂ ಕೆಲವೇ ಬಡಿತಗಳಲ್ಲಿ ಕೊಚ್ಚಿಹೋಗುತ್ತದೆ. ಪರದೆಯ ಬೆಳಕನ್ನು ಹಲವು ಪಟ್ಟು ಹೆಚ್ಚಿಸುವ ಯಂತ್ರಕ್ಕೆ ಸಿನಿಮಾ ಕ್ಯಾಮೆರಾವನ್ನು ಜೋಡಿಸಿದರೆ ಚಲಿಸುವುದನ್ನು ಚಲಿಸುವಂತೆಯೇ ಹಿಡಿಯಬಹುದೆಂದು ಸೋನ್ಸ್ ಕಂಡುಕೊಂಡರು. ಆ ಕಾಲದ ಅಂಥ ಯಂತ್ರ ಭಾರೀ ಗಾತ್ರದ್ದು, ರೋಗಿಯ ಮೇಜಿನ ಕೆಳಗೆ ಹಿಡಿಸುವಂಥದಲ್ಲ. ಹಾಗಾಗಿ ಪ್ರಯೋಗಾಲಯದ ನೆಲವನ್ನೇ ಅಗೆಸಿ ಗುಂಡಿ ಮಾಡಿಸಲಾಯಿತು. ಮೇಲೆ ಮೇಜಿನ ಮೇಲೆ ರೋಗಿ, ಪಕ್ಕದಲ್ಲಿ ನಳಿಕೆ ಹಿಡಿದ ಸಹೋದ್ಯೋಗಿ, ಕೆಳಗೆ ಗುಂಡಿಯೊಳಗೆ ಕುಳಿತು ಚಿತ್ರ ನೋಡುವ ಸೋನ್ಸ್: ಆ ಕೋಣೆಯ ನಿತ್ಯದ ನೋಟ ಇದಾಗಿತ್ತು.

ಇಷ್ಟು ಸಲಕರಣೆ ಇದ್ದೂ ಪರಿಧಮನಿಗಳು ಮಾತ್ರ ನಿಷಿದ್ಧ ಪ್ರದೇಶ. ಆ ದ್ರವವನ್ನು ಅವುಗಳೊಳಗೆ ನೇರವಾಗಿ ಚುಚ್ಚಿದರೆ ಹೃದಯಸ್ನಾಯುವಿನ ಒಂದು ಪಾಲಿಗೆ ಆಮ್ಲಜನಕವಿಲ್ಲದ ದ್ರವವೂ ಮಿಕ್ಕ ಪಾಲಿಗೆ ಆಮ್ಲಜನಕವಿರುವ ರಕ್ತವೂ ಹರಿದು, ಹೃದಯದ ವಿದ್ಯುತ್ ಲಯ ಛಿದ್ರವಾಗಿ, ಬಡಿತದ ಬದಲು ಬರಿಯ ಕಂಪನವಾಗಿ ರೋಗಿ ಸಾಯುವನೆಂದು ಎಲ್ಲರೂ ನಂಬಿದ್ದರು. ಆದ್ದರಿಂದ ಮಹಾಧಮನಿಯ ಬುಡದಲ್ಲಿ ಹೆಚ್ಚು ದ್ರವ ಚುಚ್ಚಿ, ಅದರಲ್ಲಿ ಒಂದಿಷ್ಟು ತಾನಾಗಿ ಪರಿಧಮನಿಗೆ ಹರಿದಾಗ ಸಿಗುವ ಅಸ್ಪಷ್ಟ ನೆರಳಿಗೆ ತೃಪ್ತಿಪಡುತ್ತಿದ್ದರು. ಈ ಭಯ ಮೂಢನಂಬಿಕೆಯಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಎದೆಯ ಮೇಲೆ ಕೈಯಿಂದ ಒತ್ತಿ ನಿಂತ ಹೃದಯವನ್ನು ನಡೆಸುವ ಕ್ರಮ ವೈದ್ಯಲೋಕಕ್ಕೆ ಪರಿಚಯವಾದದ್ದು 1960ರಲ್ಲಿ. ಅದಕ್ಕೆ ಮುಂಚೆ ಹೃದಯ ನಿಂತರೆ ಎದೆಯನ್ನು ಸೀಳಿ, ಕೈ ಒಳಗಿಟ್ಟು ಹೃದಯವನ್ನು ಹಿಂಡುವುದೇ ಇದ್ದ ದಾರಿ.

1958ರ ಅಕ್ಟೋಬರ್ 30. ಸೋನ್ಸ್ ಅವರಿಗೆ ನಲವತ್ತು ತುಂಬಿ ಎರಡು ದಿನಗಳಾಗಿದ್ದವು. ಮೇಜಿನ ಮೇಲಿದ್ದವನು ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಹಾಳಾಗಿದ್ದ ಇಪ್ಪತ್ತಾರರ ಯುವಕ. ಮಹಾಧಮನಿಯ ಚಿತ್ರ ತೆಗೆಯಬೇಕಿತ್ತು, ಅಷ್ಟೆ. ಮೇಲೆ ನಳಿಕೆ ಹಿಡಿದವರು ಕಿರಿಯ ಸಹೋದ್ಯೋಗಿ, ಸೋನ್ಸ್ ಗುಂಡಿಯಲ್ಲಿದ್ದರು. ಯಂತ್ರವು ದ್ರವವನ್ನು ರಭಸದಿಂದ ಹೊಮ್ಮಿಸುವ ವೇಳೆಗೆ ನಳಿಕೆಯ ತುದಿ ಜಾರಿ ಬಲ ಪರಿಧಮನಿಯ ಬಾಯಿಯೊಳಗೆ ಸೇರಿತ್ತು. ಪರದೆಯ ಮೇಲೆ ಮಹಾಧಮನಿಯ ಬದಲು ಬಲ ಪರಿಧಮನಿ, ಅದರ ಎಲ್ಲ ಕವಲುಗಳೊಡನೆ, ದಟ್ಟವಾಗಿ ಮೂಡಿತು. ನಳಿಕೆಯನ್ನು ಎಳೆದುಕೊಳ್ಳುವಷ್ಟರಲ್ಲಿ ಸುಮಾರು 30 ಮಿಲಿಲೀಟರ್ ದ್ರವ ಒಳಹೊಕ್ಕಿತ್ತು.

ಸೋನ್ಸ್ ಗುಂಡಿಯಿಂದ ಮೇಲೇರಿ ಬಂದರು. ಎದೆ ಸೀಳಲು ಚಾಕು ಹುಡುಕಿದರು. ಇ.ಸಿ.ಜಿ. ನೋಡಿದಾಗ ಅಲ್ಲಿ ನಿರೀಕ್ಷಿಸಿದ್ದ ಕಂಪನವಿರಲಿಲ್ಲ. ನೇರ ಗೆರೆ ಇತ್ತು. ಹೃದಯ ನಿಂತಿತ್ತು, ಆದರೆ ಅದರ ಲಯ ಛಿದ್ರವಾಗಿರಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ಅವರಿಗೆ ಆ ಕ್ಷಣದಲ್ಲಿ ಹೊಳೆಯಿತೆಂಬುದೇ ಅವರ ಪ್ರತಿಭೆಯ ನಿಜವಾದ ಸಾಕ್ಷ್ಯ. ಯುವಕನಿಗೆ ಇನ್ನೂ ಎಚ್ಚರವಿತ್ತು. ಜೋರಾಗಿ ಕೆಮ್ಮುವಂತೆ ಅವರು ಕೂಗಿ ಹೇಳಿದರು. ಕೆಮ್ಮಿನ ರಭಸಕ್ಕೆ ಎದೆಯೊಳಗಿನ ಒತ್ತಡ ಏರಿ ಪರಿಧಮನಿಯಲ್ಲಿ ನಿಂತ ದ್ರವ ಮುಂದಕ್ಕೆ ತಳ್ಳಲ್ಪಡಬಹುದೆಂಬುದು ಅವರ ಎಣಿಕೆ. ಮೂರು ನಾಲ್ಕು ಬಾರಿ ಕೆಮ್ಮಿದ ಮೇಲೆ ಹೃದಯ ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ ಬಡಿಯತೊಡಗಿತು. ಯುವಕ ಬದುಕಿದ. ಇತಿಹಾಸದ ಪುಟಗಳಲ್ಲಿ ಅವನು ಒಂದು ವಯಸ್ಸು, ಒಂದು ರೋಗ, ನಾಲ್ಕು ಕೆಮ್ಮು ಇಷ್ಟರಿಂದಲೇ ಗುರುತಾಗಿ ಉಳಿದಿದ್ದಾನೆ. ಒಂದು ಶಾಸ್ತ್ರಶಾಖೆ ತನ್ನ ಆರಂಭಕ್ಕೆ ಋಣಿಯಾಗಿರುವುದು ಆತ ತಾನಾಗಿ ಒಪ್ಪಿಕೊಂಡಿರದ ಒಂದು ಅಪಾಯಕ್ಕೆ.

ಇಂಥ ಅವಘಡ ಅನೇಕರ ಕೈಯಲ್ಲಿ ನಡೆದಿರಬಹುದಾದದ್ದು. ಸಾಮಾನ್ಯ ವೈದ್ಯ ಇದರಿಂದ ಕಲಿಯುತ್ತಿದ್ದ ಪಾಠ ಇನ್ನು ಮುಂದೆ ಹೆಚ್ಚು ಎಚ್ಚರ ವಹಿಸಬೇಕೆಂಬುದು. ಸೋನ್ಸ್ ಅವರ ವಿಚಾರ ಬೇರೆ ದಾರಿ ಹಿಡಿಯಿತು. ಇಷ್ಟು ದೊಡ್ಡ ಪ್ರಮಾಣವನ್ನು ಒಂದೇ ಧಮನಿಗೆ ನುಗ್ಗಿಸಿದರೂ ಮನುಷ್ಯ ಸಾಯಲಿಲ್ಲವೆಂದಾದರೆ, ಕೆಲವೇ ಮಿಲಿಲೀಟರ್ ದ್ರವವನ್ನು ಬೇಕೆಂದೇ, ಹದವರಿತು ಚುಚ್ಚಬಹುದಲ್ಲವೇ? ಮುಂದಿನ ದಿನಗಳಲ್ಲಿ ಅವರು ಅದನ್ನೇ ಕೈಗೆತ್ತಿಕೊಂಡರು. ಬಲ ಮೊಣಕೈಯ ಮಡಿಕೆಯಲ್ಲಿ ಸಣ್ಣ ಗಾಯ ಮಾಡಿ, ತೋಳಿನ ಧಮನಿಯನ್ನು ತೆರೆದು ನಳಿಕೆಯನ್ನು ಒಳಬಿಡುವುದು, ತುದಿಯತ್ತ ತೆಳುವಾಗುತ್ತ ಹೋಗುವ ಆ ನಳಿಕೆ ಮಹಾಧಮನಿಯ ಕವಾಟಕ್ಕೆ ತಾಗಿ ಬಾಗಿದಾಗ, ಬೆರಳುಗಳ ಸೂಕ್ಷ್ಮ ತಿರುವಿನಿಂದ ಮೊದಲು ಒಂದು, ಬಳಿಕ ಇನ್ನೊಂದು ಪರಿಧಮನಿಯ ಬಾಯಿಗೆ ಕೂರಿಸುವುದು, ಸ್ವಲ್ಪ ದ್ರವ ಚುಚ್ಚಿ ಸಿನಿಮಾ ತೆಗೆಯುವುದು, ಕೂಡಲೇ ಕೆಮ್ಮಿಸುವುದು. ಆ ನಳಿಕೆಗೆ ಸೋನ್ಸ್ ಕ್ಯಾಥೆಟರ್ ಎಂಬ ಹೆಸರೇ ನಿಂತಿತು. ಆಕಸ್ಮಿಕವಾಗಿ ಒಮ್ಮೆ ಕಂಡದ್ದನ್ನು, ಬೇಕೆಂದಾಗಲೆಲ್ಲ ಯಾರು ಬೇಕಾದರೂ ಕಾಣುವಂತೆ ಮಾಡುವ ಈ ದುಡಿಮೆಯ ವರ್ಷಗಳು ಅಕ್ಟೋಬರಿನ ಆ ಕೆಲವು ಸೆಕೆಂಡುಗಳಷ್ಟು ರೋಚಕವಲ್ಲ. ಆದರೆ ಸಂಶೋಧನೆಯೆಂಬುದು ಇಲ್ಲಿಯೇ ನಡೆದದ್ದು.

ಇಷ್ಟಾದರೂ ಅವರು ಬರೆಯಲು ಆತುರಪಡಲಿಲ್ಲ. 1959ರಲ್ಲಿ ಅರ್ಲ್ ಶೈರಿ, ವಿಲಿಯಂ ಪ್ರೌಡ್‌ಫಿಟ್ ಮೊದಲಾದವರೊಂದಿಗೆ ಒಂದು ಕಿರು ಸಾರಾಂಶ ಪ್ರಕಟವಾಯಿತು. ಶೈರಿಯವರೊಂದಿಗೆ ಬರೆದ ಪ್ರಸಿದ್ಧ ಲೇಖನ ಹೊರಬಂದದ್ದು 1962ರಲ್ಲಿ. ಅದೂ ದೊಡ್ಡ ಪತ್ರಿಕೆಯಲ್ಲಲ್ಲ, ಅಮೆರಿಕದ ಹೃದಯ ಸಂಘವು ವೈದ್ಯರಿಗಾಗಿ ಹೊರತರುತ್ತಿದ್ದ ತೆಳ್ಳನೆಯ ಮಾಸಿಕವೊಂದರಲ್ಲಿ. ಲೇಖನದ ಉದ್ದ ನಾಲ್ಕು ಪುಟ. ಹೃದ್ರೋಗಶಾಸ್ತ್ರದ ಕಳೆದ ನೂರು ವರ್ಷಗಳ ಮುಖ್ಯ ಬರಹಗಳ ಪಟ್ಟಿ ಮಾಡುವವರು ಆ ನಾಲ್ಕು ಪುಟಗಳನ್ನು ಬಿಡುವಂತಿಲ್ಲ.

ಸೋನ್ಸ್ ಅವರ ನಿಜವಾದ ಗ್ರಂಥ ಫಿಲ್ಮಿನ ಸುರುಳಿಗಳು. ತಮ್ಮ ವಿಧಾನವನ್ನು ಅವರು ಗುಟ್ಟಾಗಿಡಲಿಲ್ಲ. ದೇಶವಿದೇಶಗಳ ವೈದ್ಯರು ಕ್ಲೀವ್‌ಲ್ಯಾಂಡಿಗೆ ಬಂದು, ಪಕ್ಕದಲ್ಲಿ ನಿಂತು ನೋಡಿ, ಕೈ ಪಳಗಿಸಿಕೊಂಡು ಹಿಂದಿರುಗುತ್ತಿದ್ದರು. ಸಮ್ಮೇಳನಗಳಲ್ಲಿ ಅವರು ಮಾತಿಗಿಂತ ಚಿತ್ರವನ್ನೇ ಮುಂದಿಡುತ್ತಿದ್ದರು. ಅಸಡ್ಡಾಳ ಮಾತು, ಸಿಡುಕು, ತಡರಾತ್ರಿಯವರೆಗಿನ ದುಡಿಮೆ, ಎಡೆಬಿಡದ ಧೂಮಪಾನ ಅವರ ವ್ಯಕ್ತಿತ್ವದ ಗುರುತುಗಳಾಗಿದ್ದವು. ಶುದ್ಧೀಕರಿಸಿದ ಕೈಗವಸು ಮಲಿನವಾಗಬಾರದೆಂದು ಇಕ್ಕಳದಲ್ಲಿ ಸಿಗರೇಟು ಹಿಡಿದು ಪ್ರಯೋಗಾಲಯದಲ್ಲಿಯೇ ಸೇದುತ್ತಿದ್ದರೆಂಬುದನ್ನು ಅವರೊಂದಿಗೆ ದುಡಿದವರು ಮತ್ತೆ ಮತ್ತೆ ನೆನೆದಿದ್ದಾರೆ. ಪರಿಧಮನಿ ಕಿರಿದಾಗಲು ತಂಬಾಕು ಒಂದು ಮುಖ್ಯ ಕಾರಣವೆಂದು ವೈದ್ಯಶಾಸ್ತ್ರ ಕಂಡುಕೊಳ್ಳುತ್ತಿದ್ದ ದಶಕಗಳೇ ಅವು.

ಚಿತ್ರಗಳು ಕೂಡುತ್ತ ಹೋದಂತೆ ಹಳೆಯ ಪ್ರಶ್ನೆಯೊಂದಕ್ಕೆ ಉತ್ತರ ಹೇಳುವ ಸಾಧ್ಯತೆ ಒದಗಿತು. ರೋಗಿಯ ಮಾತು ಎಷ್ಟು ನಿಜ? ಪ್ರೌಡ್‌ಫಿಟ್, ಶೈರಿ, ಸೋನ್ಸ್ ಮೂವರೂ ಸೇರಿ 1,000 ರೋಗಿಗಳ ರೋಗಕಥನವನ್ನು ಅವರವರ ಪರಿಧಮನಿಯ ಚಿತ್ರದೊಂದಿಗೆ ಹೋಲಿಸಿ 1966ರಲ್ಲಿ ಫಲಿತಾಂಶ ಪ್ರಕಟಿಸಿದರು. ಶ್ರಮದಿಂದ ಬಂದು ವಿಶ್ರಾಂತಿಯಿಂದ ಹೋಗುವ ಮಾದರಿ ನೋವನ್ನು ವಿವರಿಸಿದವರಲ್ಲಿ ಬಹುಪಾಲು ಜನರ ನಾಳಗಳಲ್ಲಿ ತಡೆ ಇದ್ದೇ ಇತ್ತು. ಅಂದರೆ ಎರಡು ಶತಮಾನಗಳ ಹಿಂದೆ ಹೆಬರ್ಡನ್ ಕಿವಿಗೊಟ್ಟು ಕೇಳಿ ಬರೆದದ್ದು ಹುಸಿಯಾಗಿರಲಿಲ್ಲ. ಆದರೆ ನೋವಿನ ಸ್ವರೂಪ ಅಸ್ಪಷ್ಟವಾಗಿದ್ದವರಲ್ಲಿ ಮಾತು ಮತ್ತು ಚಿತ್ರ ಬೇರೆ ಬೇರೆಯಾದ ಉದಾಹರಣೆಗಳು ಸಾಕಷ್ಟಿದ್ದವು. ಹೃದ್ರೋಗಿಯೆಂಬ ಹಣೆಪಟ್ಟಿ ಹೊತ್ತು, ದುಡಿಮೆ ಬಿಟ್ಟು, ಸಾವಿನ ನಿರೀಕ್ಷೆಯಲ್ಲಿದ್ದ ಕೆಲವರ ಪರಿಧಮನಿಗಳು ನಿರ್ಮಲವಾಗಿದ್ದವು. ಯಾರಿಗೆ ರೋಗವಿಲ್ಲವೆಂದು ಖಚಿತವಾಗಿ ಹೇಳಲು ಸಾಧ್ಯವಾದದ್ದೂ ಈ ಚಿತ್ರದ ಕೊಡುಗೆ. ಶಸ್ತ್ರಚಿಕಿತ್ಸೆಯ ಕಥೆಯ ನಡುವೆ ಇದು ಮರೆತುಹೋಗುವುದೇ ಹೆಚ್ಚು.

ಶಸ್ತ್ರಚಿಕಿತ್ಸೆಯ ಮೇಲೆ ಆದ ಪರಿಣಾಮ ಇನ್ನೂ ದೊಡ್ಡದು. ಕೆನಡಾದ ಮಾಂಟ್ರಿಯಲ್ ನಗರದ ಆರ್ಥರ್ ವೈನ್‌ಬರ್ಗ್ ಎಂಬ ಶಸ್ತ್ರವೈದ್ಯರು ಎದೆಗೂಡಿನ ಒಳಭಾಗದ ಧಮನಿಯೊಂದನ್ನು ಬಿಡಿಸಿ ಹೃದಯಸ್ನಾಯುವಿನೊಳಗೆ ಸುರಂಗ ಕೊರೆದು ಹುದುಗಿಸುವ ಚಿಕಿತ್ಸೆಯನ್ನು 1950ರಿಂದ ರೋಗಿಗಳ ಮೇಲೆ ಮಾಡುತ್ತ ಬಂದಿದ್ದರು. ಹೀಗೆ ನೆಟ್ಟ ಧಮನಿ ಅಲ್ಲಿ ಕವಲೊಡೆದು ಹೊಸ ರಕ್ತವನ್ನು ಒದಗಿಸುತ್ತದೆ ಎಂಬ ಅವರ ಮಾತನ್ನು ಹೆಚ್ಚಿನವರು ನಂಬಿರಲಿಲ್ಲ. ನಂಬಿಸಲು ಅವರ ಬಳಿ ಕಣ್ಣಿಗೆ ಕಾಣುವ ಆಧಾರವಿರಲಿಲ್ಲ. 1962ರಲ್ಲಿ ವೈನ್‌ಬರ್ಗ್ ಅವರ ರೋಗಿಗಳನ್ನು ಸೋನ್ಸ್ ಚಿತ್ರೀಕರಿಸಿದಾಗ, ವರ್ಷಗಳ ಹಿಂದೆ ನೆಟ್ಟ ಧಮನಿ ತೆರೆದೇ ಇದ್ದು ಪರಿಧಮನಿಗಳಿಗೆ ರಕ್ತ ಕೊಡುತ್ತಿದ್ದುದು ಕಂಡಿತು. ಹಲವು ವರ್ಷ ಗೇಲಿಗೆ ಗುರಿಯಾಗಿದ್ದ ಚಿಕಿತ್ಸೆಗೆ ಒಂದು ಸಿನಿಮಾ ಸುರುಳಿ ಮಾನ್ಯತೆ ತಂದಿತು. ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಡೊನಾಲ್ಡ್ ಎಫ್ಲರ್ ಅದನ್ನು ಕೈಗೆತ್ತಿಕೊಂಡರು.

ಅದೇ ವರ್ಷ ಎಫ್ಲರ್ ಅವರ ವಿಭಾಗಕ್ಕೆ ಅರ್ಜೆಂಟೀನಾದಿಂದ ರೆನೆ ಫವಲೋರೊ ಬಂದರು. ಲಾ ಪಾಂಪಾ ಪ್ರಾಂತದ ಹಳ್ಳಿಯೊಂದರಲ್ಲಿ ಹನ್ನೆರಡು ವರ್ಷ ರೈತಾಪಿ ಜನರ ವೈದ್ಯರಾಗಿದ್ದವರು. ದಿನವಿಡೀ ಶಸ್ತ್ರಕ್ರಿಯೆಯ ಕೋಣೆಯಲ್ಲಿದ್ದು, ಸಂಜೆಯ ಬಳಿಕ ಸೋನ್ಸ್ ಅವರ ಬಳಿ ಕುಳಿತು ಫಿಲ್ಮಿನ ಸುರುಳಿಗಳನ್ನು ಗಂಟೆಗಟ್ಟಲೆ ನೋಡುವುದು ಅವರ ಪರಿಪಾಠವಾಯಿತು. ಪರಿಧಮನಿಯ ತಡೆ ಬಹಳ ಸಲ ನಾಳದ ಮೊದಲ ಭಾಗದಲ್ಲಿರುತ್ತದೆ, ಅದರಾಚೆಯ ನಾಳ ಆರೋಗ್ಯವಾಗಿಯೇ ಇರುತ್ತದೆ ಎಂಬುದು ಆ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು. ಹಾಗಿದ್ದಲ್ಲಿ ತಡೆಯನ್ನು ಬಳಸಿ ಸಾಗುವ ಹೊಸ ದಾರಿಯೊಂದನ್ನು ಹೊಲಿಯಬಹುದು. 1967ರ ಮೇ ತಿಂಗಳಲ್ಲಿ, ಬಲ ಪರಿಧಮನಿ ಪೂರ್ತಿ ಮುಚ್ಚಿದ್ದ 51 ವರ್ಷದ ಮಹಿಳೆಗೆ ಫವಲೋರೊ ಕಾಲಿನ ಅಭಿಧಮನಿಯ ತುಂಡನ್ನು ಜೋಡಿಸಿದರು. ಹೊಸ ದಾರಿಯಲ್ಲಿ ರಕ್ತ ಹರಿಯುತ್ತಿದೆಯೆಂದು ತೋರಿಸಿಕೊಟ್ಟದ್ದೂ ಮತ್ತೆ ಆಂಜಿಯೋಗ್ರಾಂ. ಇಂದು ಬೈಪಾಸ್ ಎಂದು ನಾವೆಲ್ಲ ಕರೆಯುವ ಶಸ್ತ್ರಕ್ರಿಯೆ ಜಗತ್ತಿನಾದ್ಯಂತ ಹರಡಿದ್ದು ಇಲ್ಲಿಂದ.

ಬೈಪಾಸನ್ನು ಮೊದಲು ಮಾಡಿದವರು ಯಾರು ಎಂಬ ವಾದ ಬೇರೆಯೇ ಇದೆ. ಸೋವಿಯೆತ್ ರಷ್ಯಾದ ಲೆನಿನ್‌ಗ್ರಾಡಿನಲ್ಲಿ ವಾಸಿಲಿ ಕೊಲೆಸೊವ್ 1964ರಲ್ಲಿಯೇ ಎದೆಯೊಳಗಿನ ಧಮನಿಯನ್ನು ನೇರವಾಗಿ ಪರಿಧಮನಿಗೆ ಹೊಲಿದಿದ್ದರು. ಕೈಚಳಕದಲ್ಲಿ ಅವರು ಯಾರಿಗೂ ಕಡಿಮೆಯಲ್ಲ. ಆದರೆ ಆರಂಭದಲ್ಲಿ ಅವರಿಗೆ ಆಂಜಿಯೋಗ್ರಾಂ ಲಭ್ಯವಿರಲಿಲ್ಲ. ತಡೆ ಎಲ್ಲಿದೆಯೆಂದು ಮೊದಲೇ ತೋರಿಸಲಾಗದ, ಜೋಡಣೆ ಉಳಿದಿದೆಯೆಂದು ಆಮೇಲೆ ತೋರಿಸಲಾಗದ ಶಸ್ತ್ರವೈದ್ಯನ ಮಾತನ್ನು ಲೋಕ ಎಷ್ಟು ನಂಬೀತು? ಕ್ಲೀವ್‌ಲ್ಯಾಂಡಿಗೂ ಲೆನಿನ್‌ಗ್ರಾಡಿಗೂ ಇದ್ದ ಅಂತರದಲ್ಲಿ ರಾಜಕಾರಣದ ಪಾಲು ಇದ್ದದ್ದು ಹೌದು. ಆ ಗುಂಡಿಯ ಪಾಲೂ ಕಡಿಮೆಯದಲ್ಲ.

ಸೋನ್ಸ್ ಅವರ ವಿಧಾನವನ್ನು ಅವರ ಜೀವಿತಕಾಲದಲ್ಲಿಯೇ ಇನ್ನೊಂದು ವಿಧಾನ ಹಿಂದಿಕ್ಕಿತು. ತೋಳಿನ ಧಮನಿಯನ್ನು ಬಿಡಿಸಿ ಮತ್ತೆ ಹೊಲಿಯುವುದಕ್ಕೆ ಪಳಗಿದ ಕೈ ಬೇಕು. 1967ರಲ್ಲಿ ಮೆಲ್ವಿನ್ ಜಡ್ಕಿನ್ಸ್ ತೊಡೆಸಂದಿಯ ಧಮನಿಗೆ ಸೂಜಿ ಚುಚ್ಚಿ, ಎಡಕ್ಕೊಂದು ಬಲಕ್ಕೊಂದು ಎಂದು ಮೊದಲೇ ಬಾಗಿಸಿಟ್ಟ ನಳಿಕೆಗಳನ್ನು ಬಳಸುವ ಕ್ರಮವನ್ನು ಪ್ರಕಟಿಸಿದರು. ಇದು ಕಲಿಯಲು ಸುಲಭವಾದ್ದರಿಂದ ಬೇಗ ಹಬ್ಬಿತು. 1989ರಲ್ಲಿ ಮಾಂಟ್ರಿಯಲ್‌ನ ಲೂಸಿಯನ್ ಕಾಂಪೋ ಮಣಿಕಟ್ಟಿನ ಧಮನಿಯ ಮೂಲಕ ಪರಿಧಮನಿಯನ್ನು ತಲುಪಬಹುದೆಂದು ತೋರಿಸಿದ ಮೇಲೆ ನಳಿಕೆ ಕಾಲನ್ನು ಬಿಟ್ಟು ಮತ್ತೆ ಕೈಗೆ ಮರಳಿತು. ಈಗ ಕೈಮೇಲೆ ಬಿಗಿದ ಪಟ್ಟಿಯೊಂದಿಗೆ ಅದೇ ದಿನ ಎದ್ದು ಓಡಾಡುವ ರೋಗಿಗಳು ಮೂಡಿಸುವ ನೆಮ್ಮದಿಯ ಚಿತ್ರ ಆ ಬದಲಾವಣೆಯದು.

ಪರಿಧಮನಿಯೊಳಗೆ ನಳಿಕೆ ಇಟ್ಟು ಚಿತ್ರ ತೆಗೆಯಬಹುದಾದರೆ ಅದೇ ನಳಿಕೆಯಿಂದ ತಡೆಯನ್ನು ಸರಿಪಡಿಸಲೂಬಹುದಲ್ಲವೇ ಎಂಬ ಯೋಚನೆ ಮುಂದಿನ ಮೆಟ್ಟಿಲು. ಕಾಲಿನ ಧಮನಿಗಳಲ್ಲಿ ಇದನ್ನು 1964ರಲ್ಲಿ ಚಾರ್ಲ್ಸ್ ಡಾಟರ್ ಆರಂಭಿಸಿದ್ದರು. ಆಂಡ್ರಿಯಾಸ್ ಗ್ರುಂಟ್‌ಜಿಗ್ 1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ, ನಳಿಕೆಯ ತುದಿಗೆ ಅಳವಡಿಸಿದ ಪುಟ್ಟ ಬಲೂನನ್ನು ಉಬ್ಬಿಸಿ, ಎಚ್ಚರದಲ್ಲಿದ್ದ ರೋಗಿಯ ಪರಿಧಮನಿಯ ತಡೆಯನ್ನು ಅಗಲಿಸಿದರು. ಇಂದಿನ ಸ್ಟೆಂಟ್ ಅದರ ಸಂತತಿ. ಬಹುತೇಕರು ಅನುಮಾನದಿಂದ ನೋಡುತ್ತಿದ್ದಾಗ ಈ ಕಿರಿಯನನ್ನು ಸಂತೋಷದಿಂದ ಬರಮಾಡಿಕೊಂಡ ಹಿರಿಯರಲ್ಲಿ ಸೋನ್ಸ್ ಒಬ್ಬರು.

ಇವರ ಪ್ರಭಾವ ಒಳಿತನ್ನಷ್ಟೇ ಮಾಡಿತೆಂದು ಹೇಳಿದರೆ ಚಿತ್ರ ಅಪೂರ್ಣ. ಆಂಜಿಯೋಗ್ರಾಂನಲ್ಲಿ ಕಾಣುವುದು ನಾಳವಲ್ಲ, ನಾಳದೊಳಗೆ ಹರಿಯುವ ದ್ರವದ ನೆರಳು. ಹೊಳೆಯ ನೀರು ಕಾಣುತ್ತದೆ, ದಡದೊಳಗಿನ ಕೊರೆತ ಕಾಣುವುದಿಲ್ಲ. 1987ರಲ್ಲಿ ಸೆಮೋರ್ ಗ್ಲಾಗೊವ್ ಮತ್ತು ಸಂಗಡಿಗರು ಮೃತರ ಹೃದಯಗಳನ್ನು ಪರಿಶೀಲಿಸಿ, ಕೊಬ್ಬು ಶೇಖರವಾದಂತೆ ಧಮನಿಯು ಮೊದಮೊದಲು ಹೊರಮುಖವಾಗಿ ಹಿಗ್ಗಿ ಒಳದಾರಿಯನ್ನು ಕಾಪಾಡಿಕೊಳ್ಳುತ್ತದೆಂದು ತೋರಿಸಿದರು. ರೋಗ ಸಾಕಷ್ಟು ಬೆಳೆದ ನಾಳವೂ ಚಿತ್ರದಲ್ಲಿ ಸರಿಯಾಗಿಯೇ ಕಾಣಬಹುದು. ಅನೇಕ ಹೃದಯಾಘಾತಗಳು ಚಿತ್ರದಲ್ಲಿ ಅಷ್ಟೇನೂ ಕಿರಿದೆನಿಸದ ಜಾಗದಲ್ಲಿ ಕೊಬ್ಬಿನ ಗಂಟು ಒಡೆದಾಗ ಆಗುತ್ತವೆ. ಕಣ್ಣಿಗೆ ಕಂಡ ತಡೆಯನ್ನೆಲ್ಲ ತೆರೆದುಬಿಡಬೇಕೆಂಬ ಆತುರ ವೈದ್ಯರಲ್ಲಿ ಬೆಳೆದದ್ದಕ್ಕೆ, ಕಾಣದ್ದು ಇಲ್ಲವೆಂಬ ತಪ್ಪು ಭರವಸೆ ರೋಗಿಗಳಲ್ಲಿ ಬೆಳೆದದ್ದಕ್ಕೆ ಆ ಚಿತ್ರದ ಮೋಹವೂ ಕಾರಣ. ನಾಳದ ಗೋಡೆಯನ್ನೇ ಒಳಗಿನಿಂದ ನೋಡುವ ಅಲ್ಟ್ರಾಸೌಂಡ್ ನಳಿಕೆಗಳು, ತಡೆಯ ಎರಡೂ ಬದಿಯ ಒತ್ತಡ ಅಳೆಯುವ ತಂತಿಗಳು, ನಳಿಕೆಯೇ ಬೇಡದ ಸಿ.ಟಿ. ಚಿತ್ರಗಳು ಆಮೇಲೆ ಬಂದದ್ದು ಈ ಕೊರತೆಯನ್ನು ತುಂಬಲು. ಇವುಗಳಲ್ಲಿ ಹೆಚ್ಚಿನವು ಬಳಕೆಗೆ ಬರುವ ವೇಳೆಗೆ ಸೋನ್ಸ್ ಇರಲಿಲ್ಲ.

1970ರ ದಶಕದ ಉತ್ತರಾರ್ಧದಲ್ಲಿ ಜಡ್ಕಿನ್ಸ್ ಮೊದಲಾದವರೊಂದಿಗೆ ಸೇರಿ ಹೃದಯ ಚಿತ್ರಣ ತಜ್ಞರ ಸಂಘವೊಂದನ್ನು ಸ್ಥಾಪಿಸಿ ಸೋನ್ಸ್ ಅದರ ಮೊದಲ ಅಧ್ಯಕ್ಷರಾದರು. ಪ್ರತಿಸ್ಪರ್ಧಿ ವಿಧಾನದ ಜನಕನೊಂದಿಗೆ ಕೂಡಿ ಸಂಘ ಕಟ್ಟಿದ್ದು ಆ ಸಿಡುಕಿನ ಮನುಷ್ಯನ ಸ್ವಭಾವದ ಇನ್ನೊಂದು ಮುಖ. 1983ರಲ್ಲಿ ಅವರಿಗೆ ವೈದ್ಯಕೀಯ ಸಂಶೋಧನೆಗಾಗಿ ಅಮೆರಿಕದಲ್ಲಿ ಕೊಡುವ ಲಾಸ್ಕರ್ ಪ್ರಶಸ್ತಿ ಸಂದಿತು. ನೊಬೆಲ್ ಬರಲಿಲ್ಲ.

ಅಷ್ಟರಲ್ಲಿ ಅವರ ಶ್ವಾಸಕೋಶಕ್ಕೆ ಕ್ಯಾನ್ಸರ್ ತಗಲಿತ್ತು. 1985ರ ಆಗಸ್ಟ್ 28ರಂದು, ಅರವತ್ತಾರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಜಡ್ಕಿನ್ಸ್ ಅದೇ ವರ್ಷದ ಜನವರಿಯಲ್ಲಿ, ಡಾಟರ್ ಫೆಬ್ರವರಿಯಲ್ಲಿ ಮರಣ ಹೊಂದಿದ್ದರು. ಅಮೆರಿಕಕ್ಕೆ ಬಂದು ನೆಲೆಸಿದ್ದ ಗ್ರುಂಟ್‌ಜಿಗ್ ಅಕ್ಟೋಬರ್ 27ರಂದು ತಾವೇ ನಡೆಸುತ್ತಿದ್ದ ಸಣ್ಣ ವಿಮಾನ ಉರುಳಿ ಮಡಿದಾಗ ಅವರಿಗೆ ಇನ್ನೂ ನಲವತ್ತಾರು. ಧಮನಿಯೊಳಗೆ ನಳಿಕೆ ತೂರಿಸಿ ನೋಡಲೂ ಸರಿಪಡಿಸಲೂ ಕಲಿಸಿದ ನಾಲ್ವರು ಹತ್ತು ತಿಂಗಳೊಳಗೆ ಇಲ್ಲವಾದರು.